‘ಬಾರದು’ ಬೇರೆ, ‘ಬೇಕಾಗಿಲ್ಲ’ ಬೇರೆ

ಮದುವೆಗೆ ಮೊದಲು ಎರಡು ವರ್ಷ ನಾನು ಭದ್ರಾವತಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ತವರುಮನೆ ಅಲ್ಲೇ ಇದ್ದದ್ದರಿಂದ ಶಾಲೆಗೆ ನಡೆದೇ ಹೋಗುತ್ತಿದ್ದೆ. ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದ ಮೇಲೆ ಆ ಕೆಲಸ ನಿಂತಿತು. ನಿಲ್ಲಿಸಿದವರು ಅತ್ತೆ. ಜಗಳವೇನೂ ಆಗಲಿಲ್ಲ. “ದಿನಾ ಬಸ್ಸಲ್ಲಿ ಭದ್ರಾವತಿಗೆ ಹೋಗಿ ಬರೋದು ಬೇಡ” ಎಂದು ಅವರು ಒಂದೇ ಮಾತು ಹೇಳಿದರು. ನಾನು “ಆಯ್ತು ಅತ್ತೆ” ಎಂದೆ. ನನ್ನ ಗಂಡ ಪಕ್ಕದಲ್ಲೇ ಪೇಪರು ಓದುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಮಾವನವರು ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಅತ್ತೆಯ ಮಾತಿಗೆ ಎದುರು ಮಾತು ಎನ್ನುವುದು ಇರಲಿಲ್ಲ.

ಅತ್ತೆ ಕೆಟ್ಟವರಲ್ಲ. ನನಗೆ ಜ್ವರ ಬಂದರೆ ಅವರೇ ಗಂಜಿ ಮಾಡಿ ತಂದು ಪಕ್ಕದಲ್ಲಿ ಕೂರುತ್ತಿದ್ದರು. ಆದರೆ ಅವರ ಮಾತೆಲ್ಲ ಒಂದೋ ‘ಬೇಕು’, ಇಲ್ಲವೋ ‘ಬಾರದು’. ಬೆಳಗ್ಗೆ ಸ್ನಾನವಾಗದೆ ಒಲೆ ಹಚ್ಚಬಾರದು, ಪೂಜೆಯಾಗದೆ ಕಾಫಿ ಕುಡಿಯಬಾರದು, ಹೊಸಿಲ ಮೇಲೆ ಕೂರಬಾರದು. ನಾನು ಎರಡು ವರ್ಷ ಹೀಗೇ ಇದ್ದೆ. ಬೇಜಾರಾದಾಗ ನನ್ನ ಹಳೆಯ ವ್ಯಾಕರಣ ಪುಸ್ತಕ ತೆಗೆದು ಸುಮ್ಮನೆ ಓದುತ್ತಿದ್ದೆ. ಕಾದಂಬರಿ ಓದಿದರೆ ‘ಕೆಲಸ ಇಲ್ವಾ’ ಎಂಬ ಪ್ರಶ್ನೆ ಬರುತ್ತಿತ್ತು, ಪಾಠದ ಪುಸ್ತಕ ಓದಿದರೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನನ್ನ ಗಂಡ ಭದ್ರಾವತಿ ರಸ್ತೆಯಲ್ಲಿ, ಮಲವಗೊಪ್ಪ ದಾಟಿದ ಮೇಲೆ ಸಿಗುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದರು. ಅದರ ಮಾಲೀಕರು ಸ್ಪೇನ್ ದೇಶದಿಂದ ಒಂದು ಹಳೆಯ ಮಿಷನ್ ಕೊಂಡರು. ರಟ್ಟನ್ನು ಕತ್ತರಿಸಿ, ಮಡಿಸಿ, ಗೋಂದು ಹಚ್ಚಿ ಪೆಟ್ಟಿಗೆಯಾಗಿ ಹೊರಗೆ ತಳ್ಳುವ ಮಿಷನ್. ಅದನ್ನು ಕೂರಿಸಿ, ನಮ್ಮವರಿಗೆ ಓಡಿಸಲು ಕಲಿಸಿ ಹೋಗಲು ಅಲ್ಲಿಂದಲೇ ಒಬ್ಬ ಫಿಟ್ಟರ್ ನಾಲ್ಕು ತಿಂಗಳ ಮಟ್ಟಿಗೆ ಬರುವುದಿತ್ತು. ಹೆಂಡತಿಯೂ ಜೊತೆಗೆ ಬರುತ್ತಾರೆ, ಲಾಡ್ಜಿನಲ್ಲಿ ಅಷ್ಟು ದಿನ ಇರಿಸಲು ಆಗುವುದಿಲ್ಲ ಎಂದು ಮಾಲೀಕರು ಮನೆ ಹುಡುಕುತ್ತಿದ್ದರು. ನಮ್ಮ ಮಹಡಿ ಖಾಲಿ ಇತ್ತು. ನನ್ನ ಗಂಡ ಹೆದರುತ್ತಲೇ ತಾಯಿಯನ್ನು ಕೇಳಿದರು.

“ಮಾಂಸ ಬೇಯಿಸಬಾರದು. ಮೊಟ್ಟೆನೂ ಸೇರಿ. ಅಷ್ಟು ಒಪ್ಪಿದ್ರೆ ಬರಲಿ” ಎಂದರು ಅತ್ತೆ.

ಸಂಕ್ರಾಂತಿ ಕಳೆದ ವಾರ ಅವರು ಬಂದರು. ಇಬ್ಬರಿಗೂ ಐವತ್ತೈದು ದಾಟಿತ್ತು. ಆತ ಕುಳ್ಳಗೆ, ದಪ್ಪ ಮೀಸೆ, ಎಣ್ಣೆಯ ಕಲೆ ಎಂದೂ ಹೋಗದ ಬೆರಳುಗಳು. ಆಕೆ ಅವನಿಗಿಂತ ಎತ್ತರ, ಕತ್ತರಿಸಿದ ಬಿಳಿ ಕೂದಲು, ಗಟ್ಟಿ ನಗು. ಇಬ್ಬರಿಗೂ ಸ್ಪ್ಯಾನಿಷ್ ಬಿಟ್ಟರೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಜೇಬಿನಲ್ಲಿ ಹಿಡಿಸುವ ಒಂದು ನಿಘಂಟು ಇಟ್ಟುಕೊಂಡು, ಒಂದೊಂದೇ ಪದ ಹುಡುಕಿ ಜೋಡಿಸಿ ಮಾತಾಡುತ್ತಿದ್ದರು. ನಾನು ಕರೆಯುವುದನ್ನು ಕೇಳಿ ಆಕೆ ನಮ್ಮ ಅತ್ತೆಯ ಹೆಸರೇ ‘ಅತ್ತೆ’ ಎಂದುಕೊಂಡರು. ಮೊದಲ ದಿನದಿಂದ ಅವರಿಗೂ ಅತ್ತೆ ಅತ್ತೆಯೇ. ಅತ್ತೆ ಅದನ್ನು ತಿದ್ದಲಿಲ್ಲ. “ಕರೀಲಿ ಬಿಡು, ನಂಗೇನು ನಷ್ಟ” ಎಂದರು.

ಕೆಲಸ ಶುರುವಾದ ನಾಲ್ಕನೇ ದಿನವೋ ಐದನೇ ದಿನವೋ ನನ್ನ ಗಂಡ ಪ್ಯಾಂಟಿನ ಮೊಣಕಾಲವರೆಗೆ ಗೋಂದು ಮೆತ್ತಿಸಿಕೊಂಡು ಮನೆಗೆ ಬಂದರು. ಅತ್ತೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಅಲ್ಲೇ ನಿಂತು ಅವರು ಕತೆ ಹೇಳಿದರು. ಮಿಷನ್ನಿನ ಕೆಳಗೆ, ಪರೀಕ್ಷೆಗೆಂದು ತುಂಬಿಸಿಟ್ಟ ಗೋಂದಿನ ತೊಟ್ಟಿ ಇತ್ತು, ಅದಕ್ಕೊಂದು ನಲ್ಲಿ. ಫಿಟ್ಟರ್ ಆ ನಲ್ಲಿಯನ್ನು ತೋರಿಸಿ ಆಪರೇಟರಿಗೆ “ಯೂ ಡೋಂಟ್ ಹ್ಯಾವ್ ಟು ಓಪನ್” ಎಂದಿದ್ದ. ಆಪರೇಟರ್ ಭದ್ರಾವತಿಯವನು, ಮನೆಮಾತು ತಮಿಳು, ಐಟಿಐ ಮಾಡಿದ್ದ. ಫಿಟ್ಟರಿಗಿಂತ ಅವನ ಇಂಗ್ಲಿಷೇ ಚೆನ್ನಾಗಿತ್ತು. ಮಧ್ಯಾಹ್ನ ನಲ್ಲಿಯಲ್ಲಿ ಕಸ ಕಟ್ಟಿರಬಹುದೆಂದು ಅವನು ಅದನ್ನು ತಿರುಗಿಸಿದ. ತೊಟ್ಟಿಯಷ್ಟೂ ಗೋಂದು ನೆಲಕ್ಕೆ ಹರಿಯಿತು. ಫಿಟ್ಟರ್ ತಲೆಯ ಮೇಲೆ ಕೈಹೊತ್ತು ತನ್ನ ಭಾಷೆಯಲ್ಲಿ ಕೂಗಾಡಿದ.

“ಆಪರೇಟರ್ ಏನಂದ?” ಎಂದು ಕೇಳಿದೆ.

“ಅವನಂದ, ಸಾರ್, ಇವರೇ ಡೋಂಟ್ ಹ್ಯಾವ್ ಟು ಅಂದ್ರು. ಅಂದ್ರೆ ಬೇಕಾದ್ರೆ ತೆಗಿ, ಬೇಡ ಅಂದ್ರೆ ಬಿಡು ಅಂತ ತಾನೆ, ನನ್ನದೇನು ತಪ್ಪು ಅಂತ.”

ನನಗೆ ನಗು ತಡೆಯಲಾಗಲಿಲ್ಲ. “ಅವನದ್ದೇ ಸರಿ. ನಿಮ್ಮ ಫಿಟ್ಟರ್ ‘ಮಸ್ಟ್ ನಾಟ್’ ಅನ್ನಬೇಕಿತ್ತು. ‘ತೆಗೀಬಾರದು’ ಅನ್ನೋ ಕಡೆ ‘ತೆಗೀಬೇಕಾಗಿಲ್ಲ’ ಅಂದಿದ್ದಾರೆ” ಎಂದೆ.

ನನ್ನ ಗಂಡ ಮರುದಿನ ಇದನ್ನು ಹಾಗೇ ಮಾಲೀಕರಿಗೆ ಹೇಳಿದರು. ಸಂಜೆ ಮಾಲೀಕರೇ ಮನೆಗೆ ಬಂದು ಅತ್ತೆಯ ಎದುರು ಕೂತರು. “ಅಮ್ಮಾ, ನಿಮ್ಮ ಸೊಸೆ ದಿನಾ ಒಂದು ಗಂಟೆ ಈ ದಂಪತಿಗೆ ಇಂಗ್ಲಿಷ್ ಹೇಳಿಕೊಟ್ರೆ ನಮ್ಮ ಕಾರ್ಖಾನೆ ಉಳಿಯುತ್ತೆ. ಇವತ್ತು ಗೋಂದು, ನಾಳೆ ಯಾರದ್ದಾದ್ರೂ ಬೆರಳು ಹೋದ್ರೆ ಏನು ಮಾಡ್ಲಿ?”

ಅತ್ತೆ ಗೋಡೆಯ ಗಡಿಯಾರ ನೋಡಿದರು. “ಸಂಜೆ ಆರಕ್ಕೆ. ಕೆಳಗೆ ಹಾಲಿನಲ್ಲಿ. ಗಂಡ ಹೆಂಡತಿ ಇಬ್ಬರೂ ಬರಬೇಕು. ನಾನೂ ಅಲ್ಲೇ ಇರ್ತೀನಿ” ಎಂದರು.

ಪಾಠ ಶುರುವಾಯಿತು. ಬೋರ್ಡಿಗೆಂದು ನನ್ನ ಗಂಡ ಕಾರ್ಖಾನೆಯಿಂದ ಹರಿದ ರಟ್ಟಿನ ಹಾಳೆಗಳನ್ನು ತಂದುಕೊಟ್ಟರು. ಅವುಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕ್ಯಾನ್, ಕುಡ್, ಮೇ, ಮಸ್ಟ್, ಶುಡ್ ಎಂದು ದೊಡ್ಡದಾಗಿ ಬರೆದು ಗೋಡೆಗೆ ಒರಗಿಸಿದೆ. ಶಾಲೆಯಲ್ಲಿ ಇದನ್ನು ಎಷ್ಟು ಸಲ ಕಲಿಸಿದ್ದೆನೋ. ಮಕ್ಕಳು ಒಟ್ಟಿಗೆ ಕೂಗಿ ಹೇಳುತ್ತಿದ್ದರು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗೆ ನಡೆಯಲಿಲ್ಲ. ಫಿಟ್ಟರ್ “ಐ ಮಸ್ಟ್ ಟು ಗೋ” ಎನ್ನುತ್ತಿದ್ದ. ಆಕೆ “ಹಿ ಕ್ಯಾನ್ಸ್”, “ಡು ಯೂ ಕ್ಯಾನ್?” ಎನ್ನುತ್ತಿದ್ದರು. ‘ಕುಡ್’ ಎನ್ನುವುದರಲ್ಲಿ ಬರೆದಿರುವ ‘ಎಲ್’ ಅನ್ನು ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ, ‘ಕುಲ್ಡ್’ ಎಂದೇ ಹೇಳುತ್ತಿದ್ದರು. ‘ಶುಡ್’ ಆಕೆಯ ಬಾಯಲ್ಲಿ ‘ಚುಡ್’ ಆಗುತ್ತಿತ್ತು.

ಉಚ್ಚಾರಣೆ ಹೇಗೋ ಆಗುತ್ತದೆ, ಅರ್ಥವೇ ಕಷ್ಟವಾಗಿತ್ತು. ಮಸ್ಟ್ ನಾಟ್, ಡೋಂಟ್ ಹ್ಯಾವ್ ಟು, ಎರಡಕ್ಕೂ ವ್ಯತ್ಯಾಸವೇನು ಎಂದು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವರ ಮುಖ ಖಾಲಿಯಾಗುತ್ತಿತ್ತು. ಅವರ ಮಾತಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಮಾತು ನಡೆಯುತ್ತದಂತೆ. ಮೂರನೇ ದಿನ ನಾನು ಸೋತು ಕೂತೆ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅತ್ತೆ ಕೇಳಿದರು, “ಎಂತದು ಅದು, ಇಷ್ಟು ಒದ್ದಾಡ್ತಿದ್ದೀಯ?”

“ಬಾರದು, ಬೇಕಾಗಿಲ್ಲ, ಎರಡೂ ಬೇರೆ ಬೇರೆ ಅಂತ ಇವರಿಗೆ ಗೊತ್ತಾಗ್ತಿಲ್ಲ ಅತ್ತೆ.”

“ಅದೇನು ದೊಡ್ಡ ವಿಷಯ?” ಎಂದು ಅವರು ಮೊರ ಕೆಳಗಿಟ್ಟು ಎದ್ದರು. ನೇರ ದೇವರಮನೆಯ ಬಾಗಿಲಿಗೆ ಹೋಗಿ ನಿಂತರು. ಹೊರಬಾಗಿಲಲ್ಲಿ ಬಿಟ್ಟಿದ್ದ ಫಿಟ್ಟರಿನ ಬೂಟನ್ನು ಬೆರಳು ಮಾಡಿ ತೋರಿಸಿದರು, ಆಮೇಲೆ ದೇವರಮನೆಯನ್ನು. ತಲೆಯನ್ನು ಜೋರಾಗಿ ಅಲ್ಲಾಡಿಸಿದರು. “ಇದು ಬಾರದು. ಇದಕ್ಕೆ ನಿನ್ನ ಇಂಗ್ಲಿಷಲ್ಲಿ ಏನಂತಾರೆ?”

“ಮಸ್ಟ್ ನಾಟ್.”

“ಮಸ್ಟ್ ನಾಟ್” ಎಂದರು ಅತ್ತೆ, ಕಣ್ಣು ಅಗಲ ಮಾಡಿ. ಫಿಟ್ಟರ್ ತನಗೇ ಗೊತ್ತಿಲ್ಲದೆ ಕಾಲು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅತ್ತೆ ಅಡುಗೆಮನೆಯಿಂದ ಮೂರು ಲೋಟ ಕಾಫಿ ತಂದು ಅವನ ಮುಂದೆ ಒಂದರ ಪಕ್ಕ ಒಂದು ಇಟ್ಟರು. ಅವನು ಒಂದು ಕುಡಿದ. ಎರಡನೆಯದು ಅರ್ಧ ಕುಡಿದ. ಮೂರನೆಯದನ್ನು ನೋಡಿ ಮುಖ ಸಣ್ಣಗೆ ಮಾಡಿದ. ಅತ್ತೆ ನಗುತ್ತಾ ಆ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡು, “ಇದು ಬೇಕಾಗಿಲ್ಲ. ಕುಡಿದ್ರೂ ಆಯ್ತು, ಬಿಟ್ರೂ ಆಯ್ತು” ಎಂದರು.

“ಡೋಂಟ್ ಹ್ಯಾವ್ ಟು” ಎಂದೆ ನಾನು.

ಆಕೆ ಎರಡು ಕೈಯನ್ನೂ ತಟ್ಟಿ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫಿಟ್ಟರ್ ಬೂಟು ನೋಡಿದ, ಕಾಫಿ ನೋಡಿದ, ಹಣೆ ಚಚ್ಚಿಕೊಂಡ. ಮರುದಿನ ಕಾರ್ಖಾನೆಗೆ ಹೋದವನೇ ಆಪರೇಟರಿನ ಕೈಹಿಡಿದು “ಮೈ ಫಾಲ್ಟ್” ಎಂದನಂತೆ.

ಅಂದಿನಿಂದ ಪಾಠಕ್ಕೆ ನಾವು ಮೂವರಲ್ಲ, ನಾಲ್ವರು. ಅತ್ತೆ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದ್ದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಮೇ ಐ ಕಮ್’, ‘ಕೆನ್ ಯು ಗಿವ್’ ಎಂದು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದರು. ಮೊರ ತೊಡೆಯ ಮೇಲೇ ಇರುತ್ತಿತ್ತು, ಆದರೆ ಅದರಲ್ಲಿ ಆರಿಸಿ ಮುಗಿದ ಅಕ್ಕಿಯೇ ಇರುತ್ತಿತ್ತು ಎನ್ನುವುದನ್ನು ನಾನು ನೋಡಿಯೂ ನೋಡದಂತಿದ್ದೆ. ಉದಾಹರಣೆಗಳನ್ನು ಕೊಡುವುದು ಅವರ ಕೆಲಸವಾಯಿತು. ಗಾಳಿ ಎದ್ದ ಒಂದು ಸಂಜೆ ನಾನು ‘ಮೇ’ ಕಲಿಸುತ್ತಿದ್ದೆ. “ಕರೆಂಟ್ ಹೋಗಬಹುದು ಅನ್ನು” ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವುದರೊಳಗೆ ಕರೆಂಟ್ ಹೋಯಿತು. ಫಿಟ್ಟರಿನ ಹೆಂಡತಿ ಎಷ್ಟು ನಕ್ಕರೆಂದರೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ಮೊಟ್ಟೆಯ ವಿಷಯ ಬಂತು. ಒಂದು ಭಾನುವಾರ ಬೆಳಗ್ಗೆ ಆಕೆ ಕೆಳಗಿಳಿದು ಬಂದು ಅಡುಗೆಮನೆಯ ಹೊಸಿಲ ಆಚೆಯೇ ನಿಂತರು. ಒಳಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ, ನೋಡಿಯೇ ಕಲಿತಿದ್ದರು. ಕೈಯಲ್ಲಿ ಚೀಟಿ ಹಿಡಿದು, ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿದವರಂತೆ ಕೇಳಿದರು, “ಅತ್ತೆ, ಮೇ ಐ ಕುಕ್ ಎಗ್ಸ್, ಪ್ಲೀಸ್?”

ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ಅತ್ತೆಗೆ ಎಗ್ಸ್ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಅವರು ಸೌಟು ಕೆಳಗಿಟ್ಟರು. “ಇಷ್ಟು ಚೆನ್ನಾಗಿ ಕೇಳಿದ ಮೇಲೆ ಇಲ್ಲ ಅನ್ನೋದು ಹೆಂಗೆ ಮಾರಾಯ್ತಿ” ಎಂದರು. ಸೌಟು ಮತ್ತೆ ಕೈಗೆತ್ತಿಕೊಂಡು, “ಆದ್ರೂ ಇಲ್ಲ” ಎಂದರು.

ನಾನು “ಯೂ ಮೇ ನಾಟ್” ಎನ್ನಲು ಬಾಯಿ ತೆಗೆದೆ. ಅತ್ತೆ ನನ್ನನ್ನು ತಡೆದರು. “ಅಷ್ಟು ಬಿರುಸಾಗಿ ಹೇಳಬೇಡ. ಏನು ಮಾಡಕ್ಕೆ ಬೇಕಂತೆ, ಕೇಳು.”

ಕೇಳಿದೆ. ಆಲೂಗಡ್ಡೆ, ಈರುಳ್ಳಿ, ಮೊಟ್ಟೆ ಸೇರಿಸಿ ದಪ್ಪಗೆ ದುಂಡಗೆ ಮಾಡುವ ಒಂದು ತಿಂಡಿ. ಆ ದಿನ ಗಂಡನ ಹುಟ್ಟುಹಬ್ಬ, ಪ್ರತಿ ವರ್ಷವೂ ಮಾಡುತ್ತಾರಂತೆ. ಅತ್ತೆ ಡಬ್ಬಿಗಳ ಕಡೆ ನೋಡಿದರು. “ಮೊಟ್ಟೆ ಬದಲು ಕಡಲೆಹಿಟ್ಟು ಕಲಸಿ ಹಾಕಿದ್ರೆ ಹಿಡ್ಕೊಳಲ್ವಾ? ಕೈಕಾಲು ತೊಳ್ಕೊಂಡು ಒಳಗೆ ಬಾ ಅನ್ನು.”

ಹಾಗೆ ಆಕೆ ಮೊದಲ ಸಲ ನಮ್ಮ ಅಡುಗೆಮನೆಗೆ ಬಂದರು. ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಬಾಣಲೆ ತುಂಬ ಎಣ್ಣೆಯಲ್ಲಿ ಬೇಯಿಸುವಾಗ ಅತ್ತೆ ಎಣ್ಣೆಯನ್ನೇ ನೋಡುತ್ತಿದ್ದರು. ಆಮೇಲೆ ಉಪ್ಪು, ಹಸಿಮೆಣಸು ಹಾಕಿ ಕಲಸಿದ ಕಡಲೆಹಿಟ್ಟಿಗೆ ಅದನ್ನು ಸೇರಿಸಿ ಹಂಚಿಗೆ ಸುರಿದರು. ಅಡಿ ಬೆಂದ ಮೇಲೆ ಆಕೆ ಹಂಚಿನ ಮೇಲೆ ಒಂದು ತಟ್ಟೆ ಮುಚ್ಚಿ, ಎರಡನ್ನೂ ಒಟ್ಟಿಗೆ ಹಿಡಿದು, ಒಂದೇ ಏಟಿಗೆ ಬುಡಮೇಲು ಮಾಡಿ, ತಟ್ಟೆಯಿಂದ ಮತ್ತೆ ಹಂಚಿಗೆ ಜಾರಿಸಿದರು. ಒಂದು ಚೂರೂ ಮುರಿಯಲಿಲ್ಲ. “ಇದು ಕಲಿಯೋ ವಿದ್ಯೆ” ಎಂದರು ಅತ್ತೆ.

ಫಿಟ್ಟರನ್ನು ಕೆಳಗೆ ಕರೆದು ಬಡಿಸಿದೆವು. ಅವನು ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದ. ಕಣ್ಣು ತೆರೆದು ಹೆಂಡತಿಯನ್ನೂ ಅತ್ತೆಯನ್ನೂ ನೋಡಿ ಅಚ್ಚರಿಯಿಂದ ಹೇಳಿದ, “ಇಟ್ ಮಸ್ಟ್ ಬಿ ಎಗ್.”

ಅತ್ತೆಯ ಮುಖ ಇಳಿದುಹೋಯಿತು. “ನೋಡಿದ್ಯಾ? ಇಷ್ಟು ಮಾಡಿ ಹಾಕಿದ್ರೂ ಮೊಟ್ಟೆ ಬೇಕೇ ಬೇಕು ಅಂತಾನೆ.”

“ಅಲ್ಲ ಅತ್ತೆ, ಅವರು ಬೇಕು ಅಂತಿಲ್ಲ” ಎಂದೆ. “ಇದರಲ್ಲಿ ಮೊಟ್ಟೆ ಇರಬೇಕು ಅಂತ ಅವರ ಊಹೆ.”

ಅತ್ತೆ ತಟ್ಟೆ ಹಿಡಿದೇ ನಿಂತು ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದರು. “ಓ. ನಮ್ಮ ‘ಇರಬೇಕು’ ಥರ. ಅಂಗಳ ಒದ್ದೆ ಇದ್ರೆ ಮಳೆ ಬಂದಿರಬೇಕು ಅಂತೀವಲ್ಲ, ಹಂಗೆ. ಮಳೆ ಬರಲೇಬೇಕು ಅಂತ ಯಾರೂ ಹಟ ಹಿಡಿದಿರಲ್ಲ.”

ಇಷ್ಟು ವರ್ಷ ಇಂಗ್ಲಿಷ್ ಓದಿದ ನನಗೆ ಅದು ಹೊಳೆದಿರಲಿಲ್ಲ. ಒಂದೇ ‘ಬೇಕು’ ಆಜ್ಞೆಯೂ ಆಗುತ್ತದೆ, ಊಹೆಯೂ ಆಗುತ್ತದೆ. ಇಂಗ್ಲಿಷಿನಲ್ಲೂ ಹಾಗೆ. ಸ್ಪ್ಯಾನಿಷಿನಲ್ಲೂ ಹಾಗೇ ಎಂದು ಆಕೆ ನಿಘಂಟು ತೆರೆದು ತೋರಿಸಿದರು. ಆ ದಿನದ ಪಾಠ ಊಟದ ಎಲೆಯ ಮುಂದೆಯೇ ನಡೆಯಿತು. “ಇಟ್ ಕಾಂಟ್ ಬಿ ಎಗ್. ದಿಸ್ ಈಸ್ ಅತ್ತೆಸ್ ಹೌಸ್” ಎಂದು ನಾನು ಫಿಟ್ಟರಿಗೆ ಹೇಳಿಕೊಟ್ಟೆ. ಅವನು ಅದನ್ನು ಮೂರು ಸಲ ಹೇಳಿ ಮತ್ತೆರಡು ತುಂಡು ಹಾಕಿಸಿಕೊಂಡ.

ಮಾರ್ಚ್ ಕೊನೆಗೆ ಮಿಷನ್ ಓಡಿತು. ಮಾಲೀಕರು ಕಾರು ಕಳಿಸಿ ನನ್ನನ್ನೂ ಅತ್ತೆಯನ್ನೂ ಕಾರ್ಖಾನೆಗೆ ಕರೆಸಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಫಿಟ್ಟರ್ ಆಪರೇಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೊಂದೇ ಭಾಗ ಮುಟ್ಟಿ ನಿಧಾನವಾಗಿ ಹೇಳಿದ. ಮಿಷನ್ ಓಡುವಾಗ ಈ ನಲ್ಲಿ ತೆಗೆಯಬಾರದು. ಇದನ್ನು ದಿನಾ ಒರೆಸಬೇಕಾಗಿಲ್ಲ, ವಾರಕ್ಕೊಮ್ಮೆ ಸಾಕು. ಶಬ್ದ ಬದಲಾದರೆ ಬೆಲ್ಟ್ ಸಡಿಲವಾಗಿರಬಹುದು. ಇಂಗ್ಲಿಷಿನಲ್ಲಿ ಒಂದೂ ತಪ್ಪಲಿಲ್ಲ, ಒಂದು ‘ಚುಡ್’ ಬಿಟ್ಟರೆ. ಆಪರೇಟರ್ ತಲೆದೂಗಿ ನನ್ನ ಕಡೆ ತಿರುಗಿ, “ಈಗ ಕ್ಲಿಯರಾಗಿದೆ ಮೇಡಂ” ಎಂದ. ‘ಮೇಡಂ’ ಎಂದು ಯಾರಾದರೂ ಕರೆದು ಎರಡು ವರ್ಷವಾಗಿತ್ತು. ಆ ಮಾತು ಮನೆಯವರೆಗೂ ನನ್ನ ಜೊತೆಗೇ ಬಂತು.

ಅದೇ ವಾರ ನನ್ನ ಹಳೆಯ ಶಾಲೆಯ ಹೆಡ್‌ಮಾಸ್ಟರರಿಂದ ತವರುಮನೆಯ ಮೂಲಕ ಸುದ್ದಿ ಬಂತು. ಜೂನಿನಿಂದ ಇಂಗ್ಲಿಷ್ ಕಲಿಸುವವರು ಇಲ್ಲ, ಬರುವೆಯಾ ಎಂದು ಕೇಳಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ‘ಬೇಡ’ ಎನ್ನುವ ಮಾತು ಇನ್ನೊಮ್ಮೆ ಕೇಳಬೇಕಾಗುತ್ತದೆ, ಕೇಳದೆ ಇದ್ದರೆ ಅಷ್ಟಾದರೂ ನೆಮ್ಮದಿ ಎಂದುಕೊಂಡೆ.

ಏಪ್ರಿಲಿನಲ್ಲಿ ನಾವು ‘ವುಡ್ ಲೈಕ್ ಟು’ ಅಭ್ಯಾಸ ಮಾಡುತ್ತಿದ್ದೆವು. ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಫಿಟ್ಟರ್ ಮೀನು ತಿನ್ನಲು ಇಷ್ಟ ಎಂದ. ಆಕೆ ಮೊಮ್ಮಗಳನ್ನು ನೋಡಲು ಇಷ್ಟ ಎಂದರು. ಆಮೇಲೆ ಆಕೆ ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಉದಾಹರಣೆಗೆಂದು ಏನು ಬೇಕಾದರೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು “ಐ ವುಡ್ ಲೈಕ್ ಟು ಟೀಚ್ ಇನ್ ಮೈ ಸ್ಕೂಲ್ ಅಗೇನ್.”

ಆಕೆ “ವೆರಿ ಗುಡ್” ಎಂದರು. ಅತ್ತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದವರು ಬರೆಯುತ್ತಲೇ ಇದ್ದರು.

ಮರುದಿನ ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. “ವುಡ್ ಲೈಕ್ ಅಂದ್ರೆ ಇಷ್ಟ ಇದೆ ಅಂತ ತಾನೆ?”

“ಹೌದು ಅತ್ತೆ.”

“ಟೀಚ್, ಸ್ಕೂಲ್, ಅಗೇನ್. ನಂಗೂ ಗೊತ್ತಾಯ್ತು.” ಸ್ವಲ್ಪ ಹೊತ್ತು ಅವರು ಹಿಟ್ಟಿನ ಉಂಡೆಗಳನ್ನು ಸಾಲಾಗಿ ಜೋಡಿಸಿದರು. “ಎರಡು ವರ್ಷದಿಂದ ಒಂದೇ ಮನೇಲಿ ಇದ್ದೀವಿ. ಕನ್ನಡದಲ್ಲಿ ಹೇಳಕ್ಕೆ ಏನಾಗಿತ್ತು ನಿಂಗೆ?”

“ನೀವು ಬೇಡ ಅಂದಿದ್ರಲ್ಲ” ಎಂದೆ.

“ನಾನು ಬೇಡ ಅಂದಿದ್ದು ಬಸ್ಸಿಗೆ ಕಣೆ, ಕೆಲಸಕ್ಕಲ್ಲ. ನಿನ್ನ ಮಾವ ಹೊರಟಿದ್ದ ಬಸ್ ಹತ್ತಕ್ಕೆ ಹೋಗಿ ಬಿದ್ದು ಮೊಣಕಾಲು ಮುರ್ಕೊಂಡು ಆರು ತಿಂಗಳು ಮಲಗಿದ್ರು. ನೀನು ನೋಡಿಲ್ಲ ಅದನ್ನ. ನಾನು ನೋಡಿದ್ದೀನಿ. ಬೇಡ ಅಂದೆ. ನೀನು ಯಾಕೆ ಅಂತ ಒಂದು ಮಾತು ಕೇಳಲಿಲ್ಲ, ಆಯ್ತು ಅಂದೆ. ನಿಂಗೂ ಅಷ್ಟೇನೂ ಇಷ್ಟ ಇರಲಿಲ್ಲ ಅಂದ್ಕೊಂಡೆ.”

ಹಂಚಿನ ಮೇಲಿನ ರೊಟ್ಟಿ ಸೀಯಿತು. ಅವರೇ ಕೈಚಾಚಿ ಅದನ್ನು ಮಗುಚಿದರು. ನಾನು ಹೆಡ್‌ಮಾಸ್ಟರರ ಸುದ್ದಿ ಹೇಳಿದೆ. ಕಣ್ಣಲ್ಲಿ ನೀರು ಬಂತು, ಅದನ್ನು ಹೊಗೆಯ ಮೇಲೆ ಹಾಕಿದೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ ಎಂದು ಅತ್ತೆ ಕೇಳಲಿಲ್ಲ.

ಮೇ ಮೊದಲ ವಾರ ಆ ದಂಪತಿ ಹೊರಟರು. ಹೋಗುವಾಗ ಆಕೆ ಅತ್ತೆಯನ್ನು ತಬ್ಬಿಕೊಂಡರು. ಯಾರನ್ನೂ ತಬ್ಬಿ ಅಭ್ಯಾಸವಿಲ್ಲದ ಅತ್ತೆ ಕೈ ಎಲ್ಲಿಡಬೇಕೆಂದು ತಿಳಿಯದೆ ಆಕೆಯ ಬೆನ್ನು ತಟ್ಟಿದರು. ಆಕೆ ಒಂದು ವರ್ಷದವರೆಗೆ ಕಾಗದ ಬರೆಯುತ್ತಿದ್ದರು, ದೊಡ್ಡ ಅಕ್ಷರದ ಇಂಗ್ಲಿಷಿನಲ್ಲಿ. ನಾನು ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಉತ್ತರದ ಜೊತೆ ವಾಪಸ್ ಕಳಿಸುತ್ತಿದ್ದೆ. ಅವರೇ ಹಾಗೆ ಕೇಳಿಕೊಂಡಿದ್ದರು.

ಜೂನಿನಲ್ಲಿ ಶಾಲೆ ತೆರೆದ ದಿನ ಅತ್ತೆಯೂ ನನ್ನ ಜೊತೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಮೊದಲು ಬಂದ ಬಸ್ಸನ್ನು ನೋಡಿ, ತುಂಬಿದೆ ಎಂದು ಬಿಟ್ಟರು. ಎರಡನೆಯದರ ಟೈರುಗಳು ಅವರಿಗೆ ಹಿಡಿಸಲಿಲ್ಲ. ಮೂರನೆಯದಕ್ಕೆ ಹತ್ತಿದೆವು. ಕಂಡಕ್ಟರಿಗೆ ನನ್ನನ್ನು ತೋರಿಸಿ, “ಇವಳು ನನ್ನ ಸೊಸೆ, ಟೀಚರು, ದಿನಾ ಬರ್ತಾಳೆ. ಇವಳು ಹತ್ತಿ ಕೂರೋವರೆಗೂ ವಿಶಲ್ ಊದಬೇಡಪ್ಪ” ಎಂದರು. ಅವನು ನಗುತ್ತಾ “ಆಯ್ತಮ್ಮ” ಎಂದ. ಭದ್ರಾವತಿ ಬರುವವರೆಗೂ ಅತ್ತೆ ಕಿಟಕಿಯ ಕಂಬಿ ಹಿಡಿದೇ ಕೂತಿದ್ದರು. ಮಾವನವರು ಬಿದ್ದ ಮೇಲೆ, ಹನ್ನೆರಡು ವರ್ಷದಿಂದ ಅವರು ಬಸ್ ಹತ್ತಿರಲಿಲ್ಲವಂತೆ.

ಶಾಲೆಯ ಗೇಟಿನವರೆಗೆ ಬಂದರು. ನನ್ನ ತರಗತಿ ಯಾವುದೆಂದು ಕೇಳಿ, ಹೊರಗಿನಿಂದಲೇ ಇಣುಕಿ, ಮಕ್ಕಳು ಎಷ್ಟಿದ್ದಾರೆಂದು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, “ನಾನಿನ್ನು ಹೊರಡ್ತೀನಿ. ಸಂಜೆ ಅನ್ನಕ್ಕೆ ಇಟ್ಟಿರ್ತೀನಿ, ಬಂದು ಸಾರು ನೀನು ಮಾಡು” ಎಂದು ಹೇಳಿ, ಬಸ್ ಸ್ಟ್ಯಾಂಡಿನ ಕಡೆಗೆ ಒಬ್ಬರೇ ನಡೆದರು.